ಹದಿನಾರು ಗಂಗಾಳ

ನನಗೆ ಅವನ ಮುಖ ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರುವ ಮೆಮೊರಿ, ಸರ್ವರ್ ಎಂಬ ಮಾತು ಕೇಳಿ, ಪಾಪ, ಏನೋ ಲೆಕ್ಕ ತಪ್ಪಿದ ಎಂದು ಯಾರಾದರೂ ನನ್ನ ಮೇಲೆ ಕನಿಕರಪಟ್ಟಾರು. ಲೆಕ್ಕ ತಪ್ಪಿದ್ದು ಹೌದು. ಆದರೆ ಆ ಲೆಕ್ಕದಲ್ಲಿ ಅರ್ಧವನ್ನು ಬುದ್ಧಿ ಮಾಡಿತ್ತು, ಅರ್ಧವನ್ನು ಹಗೆ ಮಾಡಿತ್ತು.

ಅವನು ಮುಧೋಳದ ಆಚೆಗಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಗೇಟಿನ ಗುಮಾಸ್ತ. ನಾನು ಅದೇ ಕಾರ್ಖಾನೆಯ ಕಂಪ್ಯೂಟರ್ ಕೋಣೆಯವನು. ಇಬ್ಬರದೂ ಒಂದೇ ಊರು, ಒಂದೇ ಓಣಿ, ಇಬ್ಬರ ಮನೆಯವರೂ ಬೀರೇಶ್ವರನ ಒಕ್ಕಲು. ಅವನ ಅಪ್ಪ ಮತ್ತು ನನ್ನ ಅಪ್ಪ ಒಟ್ಟಿಗೆ ಕುರಿ ಕಾಯ್ದವರು. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಅವರು ಎನ್ನಬೇಕಾದವನನ್ನು ಅವನು ಎಂದು ಬರೆಯುತ್ತಿದ್ದೇನೆ. ಆಗ ಮನಸ್ಸಿನಲ್ಲಿ ಹಾಗೇ ಅನ್ನುತ್ತಿದ್ದೆ, ಈಗ ಅದನ್ನು ತಿದ್ದಿ ಸಭ್ಯಸ್ಥ ಎನಿಸಿಕೊಳ್ಳುವ ಆಸೆ ಇಲ್ಲ.

ಹಗೆಗೆ ಕಾರಣ ಒಂದು ಸಣ್ಣ ತಾಟು. ನಗಬೇಡಿ. ನಮ್ಮ ಮನೆಗಳಲ್ಲಿ ಬಂದವರಿಗೆ ಒಂದು ಹಿಡಿ ಅವಲಕ್ಕಿ ಕೊಟ್ಟರೂ ದೊಡ್ಡ ಗಂಗಾಳದಲ್ಲೇ ಕೊಡಬೇಕು. ಕಂಚಿನ ಅಂಚಿರುವ, ಎರಡು ಕೈಯಲ್ಲಿ ಹಿಡಿಯುವ ತಾಟು ಅದು. ಒಳಗೆ ಹಾಕಿದ್ದು ಮೂಲೆಯಲ್ಲಿ ಮುದುಡಿಕೊಂಡು ಕೂತಿದ್ದರೂ ಅಡ್ಡಿಯಿಲ್ಲ, ತಾಟು ದೊಡ್ಡದಿರಬೇಕು. "ಸಣ್ಣ ತಾಟಿನಾಗ ಹಾಕಿದರ ಉಣ್ಣಾಕ ಹಾಕಿದಂಗ ಅಲ್ಲ, ಹೊರಗ ಹಾಕಿದಂಗ" ಎಂದು ನನ್ನ ಅವ್ವ ಅನ್ನುತ್ತಿದ್ದಳು.

ಅವನ ಮಗನ ಜಾವಳದ ದಿವಸ, ಅಂದರೆ ಮೊದಲ ಕೂದಲು ತೆಗೆಸುವ ದಿವಸ, ಅವನೇ ನನ್ನನ್ನು ರಬಕವಿಗೆ ಕಳಿಸಿದ್ದ. ಅಲ್ಲಿಯ ನೇಕಾರನೊಬ್ಬನ ಮನೆಯಲ್ಲಿ ಹೇಳಿಟ್ಟ ಸೀರೆ ತರಬೇಕಿತ್ತು. ಸೀರೆ ಇನ್ನೂ ಮಗ್ಗದ ಮೇಲಿತ್ತು. ಅದು ಇಳಿಯುವವರೆಗೆ ಕಾಯ್ದು, ಎರಡು ಬಸ್ಸು ಬದಲಿಸಿ ನಾನು ಊರಿಗೆ ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಅಂಗಳದ ತುಂಬ ಪಂಕ್ತಿ ಕೂತಿತ್ತು, ಎಲ್ಲರ ಮುಂದೆಯೂ ಗಂಗಾಳ. ಅವನು ನನ್ನನ್ನು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂಡಿಸಿ, ದಿನಾ ಮಕ್ಕಳು ಉಣ್ಣುವಂಥ ಸ್ಟೀಲಿನ ಸಣ್ಣ ತಾಟಿನಲ್ಲಿ ಹೋಳಿಗೆ ಹಾಕಿ ಕೊಟ್ಟ. ಪಂಕ್ತಿಯಲ್ಲಿದ್ದ ಇಬ್ಬರು ತಿರುಗಿ ನೋಡಿ ಮೀಸೆಯಡಿ ನಕ್ಕರು. ನಾನು ಉಂಡೆ, ಕೈ ತೊಳೆದೆ, ಅಂದಿನಿಂದ ಅವನ ಹೊಸ್ತಿಲು ತುಳಿಯಲಿಲ್ಲ.

ಆಮೇಲೆ ಅವನು ಮೊದಲಿನಿಂದ ಇದ್ದ ಕಾರ್ಖಾನೆಗೇ ನಾನೂ ಬಂದು ಬಿದ್ದೆ. ಜಮಖಂಡಿಯಲ್ಲಿ ಡಿಪ್ಲೊಮಾ ಮಾಡಿ ಬಂದ ನನ್ನನ್ನು ಅವನು ಗೇಟಿನಲ್ಲಿ ದಿನಾ ಒಂದೇ ರಾಗದಲ್ಲಿ ಮಾತಾಡಿಸುತ್ತಿದ್ದ. "ಬರ್ರಿ ಇಂಜಿನಿಯರ್ ಸಾಹೇಬ್ರ, ಇವತ್ತ ಯಾವ ಗುಂಡಿ ಒತ್ತಾವ್ರು?" ನಾನು, "ನಿಮ್ಮ ಸೀಟಿಗಿಂತ ಛಲೋ ಗುಂಡಿ ಅದಾವ್ರಿ" ಅನ್ನುತ್ತಿದ್ದೆ. ಅವನ ಕೊರಳಲ್ಲಿ ಯಾವಾಗಲೂ ಒಂದು ಹಿತ್ತಾಳೆಯ ಸೀಟಿ ಇರುತ್ತಿತ್ತು. ಅದರ ಸದ್ದು ಕೇಳಿದರೆ ನಾನು ಹಲ್ಲು ಕಡಿಯುತ್ತಿದ್ದೆ.

ಗೇಟಿನಲ್ಲಿ ಅವನ ಕೆಲಸವೆಂದರೆ ಕಬ್ಬಿನ ಟ್ರ್ಯಾಕ್ಟರುಗಳಿಗೆ ನಂಬರ್ ಕೊಡುವುದು. ಚೀಟಿಯ ಮೇಲೆ ನಂಬರ್ ಬರುತ್ತದೆ, ಅದೇ ನಂಬರ್ ಕಂಪ್ಯೂಟರಿನ ಮೂಲಕ ನನ್ನ ಕೋಣೆಯ ಸರ್ವರಿಗೆ ಹೋಗುತ್ತದೆ. ಸರ್ವರ್ ಸರದಿ ನೋಡಿ ಯಾರ್ಡಿನ ದೊಡ್ಡ ಬೋರ್ಡಿನ ಮೇಲೆ ಕೆಂಪು ಅಂಕಿಗಳಲ್ಲಿ ಒಬ್ಬೊಬ್ಬರನ್ನೇ ತೂಕಕ್ಕೆ ಕರೆಯುತ್ತದೆ. ಕಬ್ಬು ಕಡಿಯುವ ಟೋಳಿಗಳ ಗಾಡಿಗಳು ಒಂದೊಂದಾಗಿ ಬರುವುದಿಲ್ಲ, ಹತ್ತು ಹನ್ನೆರಡು ಒಮ್ಮೆಲೇ ಬರುತ್ತವೆ. ನಾನು ಮೊದಲು, ನಾನು ಮೊದಲು ಎಂದು ಜಗಳ. ಅದಕ್ಕೆ ಅವನು ಒಂದು ಪದ್ಧತಿ ಮಾಡಿಕೊಂಡಿದ್ದ. ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಎಲ್ಲರಿಗೂ ಚೀಟಿ ಕೊಟ್ಟು ಮುಗಿದ ಮೇಲೆಯೇ ಗುಂಡಿ ಒತ್ತಿ ಎಲ್ಲರ ನಂಬರನ್ನೂ ಒಂದೇ ಸಲ ಕಳಿಸುತ್ತಿದ್ದ. "ಕಳಿಸಿದರ ಎಲ್ಲಾರದೂ ಒಮ್ಮಿಗೇ. ಹಿಂದ ಮುಂದ ಮಾಡಿದ ಅನ್ನೂ ಮಾತ ಬ್ಯಾಡ" ಅನ್ನುತ್ತಿದ್ದ. ನಂಬರಿನ ವಿಷಯದಲ್ಲಿ ಅವನು ತನ್ನ ಅಕ್ಕನ ಮಗನನ್ನೂ ಸರದಿ ತಪ್ಪಿಸಿ ಮುಂದೆ ಬಿಟ್ಟವನಲ್ಲ. ಇದು ಆಗಲೂ ನನಗೆ ಗೊತ್ತಿತ್ತು.

ಎರಡು ಸಾವಿರದ ಹತ್ತು ದಾಟಿ ಒಂದೆರಡು ಹಂಗಾಮು ಆದ ಮೇಲೆ ಕಾರ್ಖಾನೆಗೆ ಹೊಸ ಸರ್ವರ್ ಬಂತು. ಅದರಲ್ಲಿ ನಾನು ನಾಲ್ಕು ವರ್ಚುವಲ್ ಮಶೀನ್ ಮಾಡಿದೆ. ಪೆಟ್ಟಿಗೆ ಒಂದೇ, ಆದರೆ ಒಳಗೆ ನಾಲ್ಕು ಕಂಪ್ಯೂಟರುಗಳು ತಾವು ಬೇರೆ ಬೇರೆ ಎಂದುಕೊಂಡು ಕೆಲಸ ಮಾಡುತ್ತವೆ. ಒಂದೇ ವಾಡೆಯಲ್ಲಿ ನಾಲ್ಕು ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ. ಗೇಟಿಗೆ ಒಂದು, ತೂಕದ ಕಾಟಾಕ್ಕೆ ಒಂದು, ಲ್ಯಾಬಿಗೆ ಒಂದು, ಆಫೀಸಿಗೆ ಒಂದು. ಹೊರಗಿನಿಂದ ಬಂದ ಸಂದೇಶ ಯಾವ ಒಲೆಯದು ಎಂದು ನೋಡಿ ಹಂಚುವುದಕ್ಕೆ ನಡುವೆ ಒಂದು ಸಾಫ್ಟ್‌ವೇರ್.

ಆ ಸಾಫ್ಟ್‌ವೇರಿಗೆ ಮೆಮೊರಿಯನ್ನು ಮೊದಲೇ ತೆಗೆದಿಡಬೇಕು. ಸಂದೇಶ ಬಂದು ಬಾಗಿಲಲ್ಲಿ ನಿಂತಾಗ ಜಾಗ ಹುಡುಕಲು ಹೋದರೆ ತಡವಾಗುತ್ತದೆ, ಆದ್ದರಿಂದ ಖಾಲಿ ಜಾಗಗಳನ್ನು ಸಾಲಾಗಿ ಹಾಸಿಟ್ಟಿರಬೇಕು. ಇಕ್ಕಟ್ಟು ಇಲ್ಲಿಯೇ ಇದೆ. ತೆಗೆದಿಟ್ಟ ಮೆಮೊರಿ ಇಂತಿಷ್ಟೇ. ಒಂದೊಂದು ಜಾಗವನ್ನು ದೊಡ್ಡದು ಮಾಡಿದರೆ ಜಾಗಗಳ ಸಂಖ್ಯೆ ಕಡಿಮೆಯಾಗುತ್ತದೆ. ಸಣ್ಣದು ಮಾಡಿದರೆ ಬೇಕಾದಷ್ಟು ಜಾಗ ಸಿಗುತ್ತವೆ, ಆದರೆ ದೊಡ್ಡ ಸಂದೇಶ ಬಂದರೆ ಅದನ್ನು ಐದಾರು ಜಾಗಗಳಲ್ಲಿ ತುಂಡು ಮಾಡಿ ಹಾಕಿ ಮತ್ತೆ ಜೋಡಿಸಬೇಕು. ಆ ದುಡಿತಕ್ಕೆ ಮಶೀನಿನ ವೇಗ ಇಳಿಯುತ್ತದೆ. ಎರಡೂ ಕಡೆ ಏನಾದರೊಂದು ಕಳೆದುಕೊಳ್ಳಲೇಬೇಕು.

ಗೇಟಿನಿಂದ ಎರಡು ನಮೂನೆಯ ಸಂದೇಶ ಬರುತ್ತಿದ್ದವು. ಒಂದು ನಂಬರ್, ನಾಲ್ಕು ಸಾಲಿನದು. ಇನ್ನೊಂದು ಗಾಡಿಯ ಫೋಟೋ, ಅದು ದೊಡ್ಡದು. ನಾನು ಏನು ಮಾಡಿದೆ? ಎಲ್ಲ ಜಾಗಗಳನ್ನೂ ಫೋಟೋ ಹಿಡಿಸುವಷ್ಟು ದೊಡ್ಡದು ಮಾಡಿದೆ. ನಾಲ್ಕು ಸಾಲಿನ ನಂಬರಿಗೂ ಅಷ್ಟೇ ದೊಡ್ಡ ಜಾಗ. ಯಾರಾದರೂ ಕೇಳಿದ್ದರೆ ತಾಂತ್ರಿಕ ಕಾರಣ ಹೇಳುತ್ತಿದ್ದೆ, ಆದರೆ ಖರೆ ಕಾರಣ ಅವ್ವನ ಗಂಗಾಳ. ಬಂದವರು ಯಾರೇ ಇರಲಿ ದೊಡ್ಡ ತಾಟು ಇಡಬೇಕು ಎಂದು ಹುಟ್ಟಿನಿಂದ ಕಲಿತ ಕೈ, ಸರ್ವರಿನಲ್ಲೂ ಅದನ್ನೇ ಮಾಡಿತು.

ಹಾಗೆ ಮಾಡಿದಾಗ ಮೆಮೊರಿ ಸಾಲದಾಯಿತು. ಎಲ್ಲಿಯಾದರೂ ಕಡಿಯಬೇಕಿತ್ತು. ಆಫೀಸಿನ ಪಾಲು ಕಡಿದರೆ ಮ್ಯಾನೇಜರರ ಪರದೆ ನಿಧಾನವಾಗುತ್ತದೆ, ಅವರು ಕೂಗಾಡುತ್ತಾರೆ. ಕಾಟಾ ಮುಟ್ಟುವ ಹಾಗಿಲ್ಲ. ಗೇಟು? ನನಗೆ ಆ ಕ್ಷಣ ಚೆನ್ನಾಗಿ ನೆನಪಿದೆ. ಸೀಟಿಯ ಸದ್ದು ಕಿಟಕಿಯಿಂದ ಬರುತ್ತಿತ್ತು. ಅವನಿಗೆ ಎಷ್ಟು ಸಾಕು ಎಂದು ನಕ್ಕು ಹದಿನಾರು ಎಂದು ಒತ್ತಿದೆ. ಆಫೀಸಿಗೆ ಅದರ ಹತ್ತು ಪಟ್ಟು ಕೊಟ್ಟಿದ್ದೆ.

ಹನ್ನೆರಡು ಟ್ರ್ಯಾಕ್ಟರ್ ಒಮ್ಮೆಲೇ ಬಂದರೆ ಹನ್ನೆರಡು ನಂಬರ್, ಹನ್ನೆರಡು ಫೋಟೋ. ಜಾಗ ಹದಿನಾರು. ಉಳಿದವು ಬಾಗಿಲಲ್ಲೇ ಬಿದ್ದುಹೋಗುತ್ತವೆ. ನಾನು ಹಾಕಿದ್ದ ಏರ್ಪಾಟಿನಲ್ಲಿ ಮುಟ್ಟಿತೋ ಇಲ್ಲವೋ ಎಂದು ತಿರುಗಿ ಕೇಳುವ ವ್ಯವಸ್ಥೆಯೂ ಇರಲಿಲ್ಲ.

ಹಂಗಾಮು ಏರಿದಾಗ ಶುರುವಾಯಿತು. ಕೈಯಲ್ಲಿ ನಲವತ್ತೊಂದರ ಚೀಟಿ ಹಿಡಿದ ರೈತ ನಿಂತಿದ್ದಾನೆ, ಬೋರ್ಡು ನಲವತ್ತರ ನಂತರ ನಲವತ್ತೆರಡನ್ನು ಕರೆಯುತ್ತಿದೆ. ಅವನ ಕಬ್ಬು ಬಿಸಿಲಿಗೆ ಒಣಗುತ್ತಿದೆ. ಮೊದಲ ದಿನ ಮೂವರು, ಮರುದಿನ ಐವರು. ಬೀಳಗಿ ಕಡೆಯ ಒಬ್ಬ ರೈತ ಒಂದು ಹಗಲೆಲ್ಲ ನಿಂತು ಕಡೆಗೆ ಗೇಟಿಗೆ ಬಂದು, "ಯಾರ ನಂಬರ್ ತಗದು ಯಾರಿಗೆ ಕೊಟ್ಟಿ? ಎಷ್ಟ ತಿಂದಿ?" ಎಂದು ಅವನ ಅಂಗಿ ಹಿಡಿದ. ಅವನು, "ಚೀಟಿ ನಿಮ್ಮ ಕೈಯಾಗೇ ಐತಿ, ನಾ ಏನ್ ತಗೀಲಿ?" ಅಂದ. ಯಾರೂ ಕೇಳಲಿಲ್ಲ. ನಂಬರ್ ಕೊಡುವವನು ಅವನು, ನಂಬರ್ ಕಳೆದಿದೆ, ಅಂದಮೇಲೆ ಕಳ್ಳ ಅವನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಎರಡನೆಯ ದಿನವೇ ನನಗೆ ಗೊತ್ತಾಗಿತ್ತು. ಗೇಟಿನ ಸಾಲಿನಲ್ಲಿ ಬಿದ್ದುಹೋದ ಸಂದೇಶಗಳ ಎಣಿಕೆ ನನ್ನ ಪರದೆಯ ಮೇಲೆ ಇತ್ತು. ನೋಡಿದೆ, ಪರದೆ ಮುಚ್ಚಿ ಚಹಾ ಕುಡಿಯಲು ಹೋದೆ. ಕಿಟಕಿಯಿಂದ ಕಾಣುತ್ತಿತ್ತು, ಅವನನ್ನು ಮಂದಿ ಸುತ್ತುಗಟ್ಟಿದ್ದರು. ನನಗೆ ಖುಷಿಯಾಯಿತು. ಹೌದು, ಖುಷಿ. ಅದಕ್ಕೆ ಬೇರೆ ಹೆಸರಿಡುವುದಿಲ್ಲ.

ನಾಲ್ಕನೆಯ ದಿನ ಅವನನ್ನು ಕೆಲಸದಿಂದ ತೆಗೆದರು. ಸೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು ಹೋದನಂತೆ. ಅವನ ಜಾಗಕ್ಕೆ ಮ್ಯಾನೇಜರರ ಕಡೆಯವನೊಬ್ಬ ಬಂದ. ಈಗ ನನಗೆ ಹೆದರಿಕೆ ಹತ್ತಿತು. ಹೊಸಬನ ಕೈಯಲ್ಲೂ ನಂಬರ್ ತಪ್ಪಿದರೆ ವಿಚಾರಣೆ ನನ್ನ ಕೋಣೆಗೇ ಬರುತ್ತದೆ. ಅದೇ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಎಲ್ಲ ಜಾಗಗಳನ್ನೂ ಸಣ್ಣದು ಮಾಡಿದೆ. ಫೋಟೋ ಬಂದರೆ ಐದಾರು ಜಾಗಗಳಲ್ಲಿ ಹಾಕಿ ಜೋಡಿಸಿಕೊಳ್ಳಲಿ ಎಂದು ಬಿಟ್ಟೆ. ಆಫೀಸಿನಿಂದ ಕಿತ್ತು ಗೇಟಿಗೆ ಕೊಟ್ಟೆ. ಮ್ಯಾನೇಜರರ ಪರದೆ ಸ್ವಲ್ಪ ನಿಧಾನವಾಯಿತು. ಗೇಟಿನ ಒಂದು ಸಂದೇಶವೂ ಬೀಳಲಿಲ್ಲ.

ಆದದ್ದು ಏನು ಗೊತ್ತೇ? ಅವನು ಹೋದ ದಿನವೇ ಬೋರ್ಡು ನೆಟ್ಟಗಾಯಿತು. ನಲವತ್ತು, ನಲವತ್ತೊಂದು, ನಲವತ್ತೆರಡು. ಯಾರ್ಡಿನ ತುಂಬ ಒಂದೇ ಮಾತು. "ಕಳ್ಳ ಹೋದ, ನಂಬರ್ ಸೀದಾ ಆತು." ನನ್ನ ರಿಪೇರಿಯೇ ಅವನ ಮೇಲಿನ ಸಾಕ್ಷಿಯಾಯಿತು. ಅಲ್ಲಿಯವರೆಗೆ ಸಂಶಯ ಇಟ್ಟುಕೊಂಡವರೂ ಈಗ ತಲೆಯಾಡಿಸಿದರು.

ಮಾತು ಊರಿಗೆ ಬಂತು. ಗುಡಿಯ ಹಿರಿಯರು ಅವನನ್ನು ಕರೆಸಿ, ಬೀರೇಶ್ವರನ ಭಂಡಾರ ಮುಟ್ಟಿ ಆಣೆ ಮಾಡು, ನಂಬುತ್ತೇವೆ ಎಂದರು. ನಮ್ಮಲ್ಲಿ ಆ ಅರಿಷಿಣದ ಪುಡಿ ಮುಟ್ಟಿ ಸುಳ್ಳು ಹೇಳುವ ಗಂಡಸು ಹುಟ್ಟಿಲ್ಲ. ಅವನು ಮುಟ್ಟಲಿಲ್ಲ. "ಇಪ್ಪತ್ತ ವರ್ಷ ನಂಬರ್ ಕೊಟ್ಟೇನಿ. ಇನ್ನೂ ಆಣಿ ಬೇಕಾದರ ನಿಮ್ಮ ನಂಬಿಕಿ ನಿಮ್ಮ ಹತ್ರಾನ ಇರಲಿ" ಎಂದು ಎದ್ದು ಹೋದ. ಆಣೆ ಮಾಡಲಿಲ್ಲ ಅಂದಮೇಲೆ ಖರೆ ಕದ್ದಿದ್ದಾನೆ ಎಂದು ಊರು ತೀರ್ಮಾನ ಮಾಡಿತು. ಗಿರಣಿಯಲ್ಲಿ ಅವನ ಹೆಂಡತಿ ಜೋಳದ ಬುಟ್ಟಿ ಇಟ್ಟರೆ ಉಳಿದ ಹೆಂಗಸರು ತಮ್ಮ ಬುಟ್ಟಿ ಸರಿಸಿಕೊಳ್ಳತೊಡಗಿದರು.

ಇದನ್ನು ನನಗೆ ಹೇಳಿದವಳು ಅವ್ವ, ರೊಟ್ಟಿ ಬಡಿಯುತ್ತ. ಹೇಳಿ ಮುಗಿಸಿ ಕೈ ನಿಲ್ಲಿಸಿ ಕೇಳಿದಳು. "ನೀ ಕಂಪ್ಯೂಟರಿನವ. ನಿನಗ ಗೊತ್ತಿರತೈತಿ. ಅವ ಖರೇನ ಕದ್ದಾನೇನ?"

"ನನಗೇನ್ ಗೊತ್ತವಾ" ಅಂದೆ.

ಅಂದು ಭಾನುವಾರ. ಅವ್ವ ಗುಡಿಯಿಂದ ತಂದ ಭಂಡಾರವನ್ನು ಎಂದಿನಂತೆ ನನ್ನ ಹಣೆಗೆ ಹಚ್ಚಲು ಬಂದಳು. ನಾನು ತಲೆ ಹಿಂದಕ್ಕೆ ತೆಗೆದೆ. ಹೀಗೆ ಮಾಡಬೇಕೆಂದು ಮಾಡಿದ್ದಲ್ಲ, ತಲೆ ತಾನಾಗಿ ಹಿಂದಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವ್ವ ನನ್ನ ಮುಖವನ್ನೇ ನೋಡಿದಳು, ಭಂಡಾರದ ಬಟ್ಟಲನ್ನು ಗೋಡೆಯ ಮಾಡದಲ್ಲಿ ಇಟ್ಟು ಒಲೆಯ ಮುಂದೆ ಕೂತಳು.

ಮರುದಿನ ಮ್ಯಾನೇಜರರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಈಗ ಸರಿ ಆಗೇತಿಲ್ಲೋ?" ಅಂದರು. ಆಗಿದೆ ಅಂದೆ. "ಹಂಗಾದರ ಬಾಯಿ ಮುಚ್ಚಿಕೊಂಡ ಇರು. ತಪ್ಪು ಒಬ್ಬ ಗುಮಾಸ್ತಂದು ಅಂದರ ಮಂದಿ ಸುಮ್ಮನಾಗತಾರ. ಮಶೀನಿಂದು ಅಂದರ ತೂಕಾನೂ ಸುಳ್ಳು ಅಂತಾರ." ಅವರ ಮಾತಿನಲ್ಲಿ ಬುದ್ಧಿ ಇತ್ತು. ಅದನ್ನು ಕೇಳಿ ನನಗೆ ಹಗುರವೂ ಆಯಿತು, ಹೇಸಿಗೆಯೂ ಆಯಿತು.

ಸಂಜೆ ಅವನ ಮನೆಗೆ ಹೋದೆ. ಎಂಟು ವರ್ಷದ ಮೇಲೆ. ಅವನು ಕಟ್ಟೆಯ ಮೇಲೆ ಕೂತು ಕಂಬಳಿಯ ಅಂಚು ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ.

"ಹೇಳ್ರಿ ಸಾಹೇಬ್ರ."

ನಿಂತುಕೊಂಡೇ ಹೇಳಿದೆ. ಜಾಗ ಎಂದರೇನು, ದೊಡ್ಡ ಜಾಗ ಸಣ್ಣ ಜಾಗ ಎಂದರೇನು, ಗೇಟಿಗೆ ಹದಿನಾರೇ ಇಟ್ಟದ್ದು, ನಂಬರುಗಳು ಬಿದ್ದುಹೋದದ್ದು, ನನಗೆ ಗೊತ್ತಿದ್ದೂ ಸುಮ್ಮನಿದ್ದದ್ದು. ಗಂಗಾಳದ ಹೋಲಿಕೆ ಕೊಟ್ಟು ಹೇಳಿದಾಗ ಅವನಿಗೆ ತಟ್ಟನೆ ತಿಳಿಯಿತು. ಗುಮಾಸ್ತ ಅಲ್ಲವೇ, ಪ್ರಶ್ನೆಯೂ ತಟ್ಟನೆ ಬಂತು.

"ಆಫೀಸಿಗೆ ಎಷ್ಟಿಟ್ಟಿದ್ದಿ?"

"ಹತ್ತ ಪಟ್ಟು."

"ನನಗ ಯಾಕ ಹದಿನಾರ?"

ಸುಳ್ಳು ಹೇಳಬಹುದಿತ್ತು. "ನಿಮ್ಮ ಮ್ಯಾಲಿನ ಸಿಟ್ಟಿಗೆ" ಅಂದೆ. "ಜಾವಳದ ದಿವಸ ನನಗ ಸಣ್ಣ ತಾಟ ಕೊಟ್ರಿ."

ಅವನ ಸೂಜಿ ನಿಂತಿತು. ಮೊದಲ ಸಲ ನನ್ನ ಮುಖ ನೋಡಿದ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಮನ್ಯಾಗಿದ್ದುವು ಹದಿನೆಂಟ ಗಂಗಾಳ. ಹದಿನೆಂಟೂ ಪಂಕ್ತ್ಯಾಗಿದ್ದುವು. ನೀ ರಬಕವಿಯಿಂದ ಬಂದಿ, ಹಸದ ಮಾರಿ ಕರ್ರಗಾಗಿತ್ತು. ಪಂಕ್ತಿ ಏಳೂತನಕ ಇಂವನ್ನ ನಿಂದರಸೂದ ಬ್ಯಾಡಂತ ನನ್ನ ಮಗನ ತಾಟ ತೊಳದ ಹಾಕಿ ಕೊಟ್ಟೆ. ಸಣ್ಣದೈತಿ ಅಂತ ಮೂರ ಸಲ ಬಡಿಸಿದ್ನೋ ಇಲ್ಲೋ?"

ಬಡಿಸಿದ್ದ. ಮೂರು ಸಲ. ಮೂರನೆಯ ಸಲ ತುಪ್ಪವನ್ನೂ ಹಾಕಿದ್ದ. ಎಂಟು ವರ್ಷ ತಾಟನ್ನು ಮಾತ್ರ ನೆನಪಿಟ್ಟುಕೊಂಡು ತುಪ್ಪವನ್ನು ಮರೆತಿದ್ದೆ. ಬಾಗಿಲು ಹಾಕಿಕೊಂಡು ಸರ್ವರಿಗೆ ನಾನು ಮಾಡಿದ ರಿಪೇರಿಯನ್ನು ಅವನು ಅಂದೇ ಹೋಳಿಗೆಯಲ್ಲಿ ಮಾಡಿದ್ದ, ಸಣ್ಣದರಲ್ಲೇ ಹಲವು ಸಲ ಹಾಕಿ.

"ತಪ್ಪಾತ್ರಿ ಅಣ್ಣಾ" ಅಂದೆ.

"ಯಾರ ಮುಂದ ಹೇಳೀದಿ ಇದನ್ನ?"

"ಮ್ಯಾನೇಜರ್ ಮುಂದ."

"ಮ್ಯಾನೇಜರ್ ನನ್ನ ಕಳ್ಳ ಅಂದಿಲ್ಲ, ಯಾರ್ಡಿನ ಮಂದಿ ಅಂದಾರ. ಅಲ್ಲಿ ಹೇಳು. ಅಲ್ಲಿ ಹೇಳಾಕ ಆಗೂದಿಲ್ಲ ಅಂದರ ಇಲ್ಲೂ ಬರಬ್ಯಾಡ." ಮತ್ತೆ ಸೂಜಿ ಹಿಡಿದ. "ನಡಿ ಇನ್ನ."

ದಾರಿಯುದ್ದಕ್ಕೂ ಯೋಚಿಸಿದೆ. ಬರೀ ಬಾಯಿಂದ ಹೇಳಿದರೆ ಯಾರು ನಂಬುತ್ತಾರೆ? ಒಂದೇ ಓಣಿಯವರು, ಒಂದೇ ದೇವರ ಒಕ್ಕಲು, ತಮ್ಮವನನ್ನು ಉಳಿಸುತ್ತಿದ್ದಾನೆ ಎನ್ನುತ್ತಾರೆ. ಅವನು ಹೋದಮೇಲೆ ಸರಿಯಾದದ್ದೇ ಅವರ ಸಾಕ್ಷಿ. ಅಂದಮೇಲೆ ಅವನಿಲ್ಲದಾಗಲೇ ಅದು ಕೆಡಬೇಕು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಟೋಳಿಯ ಹನ್ನೆರಡು ಗಾಡಿಗಳು ಸಾಲು ಹಚ್ಚಿದ ಹೊತ್ತಿಗೆ, ಎಲ್ಲವನ್ನೂ ಮೊದಲಿನ ಹಾಗೆ ಮಾಡಿದೆ. ದೊಡ್ಡ ಜಾಗ, ಗೇಟಿಗೆ ಹದಿನಾರು. ಹೊಸ ಗುಮಾಸ್ತ ಹಳೆಯ ಪದ್ಧತಿಯಂತೆ ಎಲ್ಲರದನ್ನೂ ಒಮ್ಮೆಲೇ ಕಳಿಸಿದ. ಬೋರ್ಡು ಮೂರು ನಂಬರ್ ನುಂಗಿತು. ಗಲಾಟೆ ಎದ್ದಿತು. ಹೊಸಬನ ಅಂಗಿಗೆ ಕೈ ಬೀಳುವ ಮೊದಲು ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಯಾರ್ಡಿಗೆ ಇಳಿದೆ. ಅಂದು ಆ ಬೀಳಗಿಯ ರೈತನೂ ಇದ್ದ.

"ಹಳೇ ಗುಮಾಸ್ತ ಇಲ್ಲಿಲ್ಲ" ಅಂದೆ. "ಇವತ್ತ ನಂಬರ್ ಯಾರು ಕದ್ದರು?"

ಉತ್ತರವನ್ನೂ ನಾನೇ ಕೊಟ್ಟೆ. "ನಾ ಕದ್ದೆ. ಮೊದಲೂ ನಾನೇ" ಎಂದು ಪರದೆಯ ಮೇಲೆ ಬಿದ್ದುಹೋದ ಸಂದೇಶಗಳ ಎಣಿಕೆ ತೋರಿಸಿದೆ. ಅವರ ಕಣ್ಣ ಮುಂದೆಯೇ ಜಾಗ ಸಣ್ಣದು ಮಾಡಿ, ಗೇಟಿನ ಪಾಲು ಹೆಚ್ಚಿಸಿ, ಅದೇ ಹನ್ನೆರಡು ನಂಬರನ್ನು ಮತ್ತೆ ಕಳಿಸಲು ಹೇಳಿದೆ. ಬೋರ್ಡಿನ ಮೇಲೆ ಹನ್ನೆರಡೂ ಸಾಲಾಗಿ ಬಂದವು. ಬೀಳಗಿಯ ರೈತ ಬೋರ್ಡು ನೋಡಿದ, ನನ್ನನ್ನು ನೋಡಿದ. "ಮತ್ತ ಆ ಮನಶ್ಯಾನ ಅಂಗಿ ಹಿಡಿಯೂಮುಂದ ನೀ ಎಲ್ಲಿದ್ದಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಕೆನ್ನೆಗೆ ಬಿಟ್ಟ. ಕನ್ನಡಕ ಮುರಿಯಿತು. ನಾನು ಕೈ ಎತ್ತಲಿಲ್ಲ.

ಮಧ್ಯಾಹ್ನ ಮ್ಯಾನೇಜರು ಕರೆದು ಕೆಲಸ ಬಿಡಿಸಿದರು. ಎರಡು ದಿನದಲ್ಲಿ ರೈತರೇ ಹೋಗಿ ಹಳೆಯ ಗುಮಾಸ್ತ ಬೇಕು ಎಂದು ಆಫೀಸಿನ ಮುಂದೆ ಕೂತರು. ಅವನು ಬಂದ. ಬಾ ಎಂದು ಕರೆಯಲು ಅವನ ಮನೆಗೆ ಹೋದವರಲ್ಲಿ ಗುಡಿಯ ಹಿರಿಯರೂ ಇದ್ದರಂತೆ. ಅವನು ಅವರಿಗೆ ನೀರು ಕೊಟ್ಟನಂತೆ, ಕುಂಡ್ರಿ ಅನ್ನಲಿಲ್ಲವಂತೆ.

ವಾರದ ನಂತರ ನನ್ನ ಸಾಮಾನು ಒಯ್ಯಲು ಹೋದೆ. ಒಂದು ಚೀಲ, ಎರಡು ಪುಸ್ತಕ, ಚಹಾದ ಕಪ್ಪು. ಹೊರಗೆ ಬರುವಾಗ ಗೇಟಿನಲ್ಲಿ ಅವನಿದ್ದ, ಕೊರಳಲ್ಲಿ ಸೀಟಿ. ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಹೊರಗೆ ಹೋದ ಹೊತ್ತು ಬರೆದ. ನಾನು ಚೀಲ ಕೆಳಗಿಟ್ಟು ಕೈ ಮುಗಿದೆ. ಏನಾದರೂ ಅಂದಾನು ಎಂದು ನಿಂತೆ. ಒಂದು ಬೈಗುಳವಾದರೂ ಸಾಕಿತ್ತು.

ಅವನು ನನ್ನ ಹೆಗಲ ಮೇಲಿಂದ ಹಿಂದೆ ನಿಂತಿದ್ದ ಟ್ರ್ಯಾಕ್ಟರುಗಳ ಸಾಲು ನೋಡಿದ.

"ಮಂದಿ ಕಾಯಾಕತ್ತಾರ" ಅಂದ. "ಜಾಗಾ ಬಿಡ್ರಿ ಸಾಹೇಬ್ರ."

ಸೀಟಿ ಊದಿದ. ನಾನು ಚೀಲ ಎತ್ತಿಕೊಂಡು ಜಾಗ ಬಿಟ್ಟೆ.